ನಾಲ್ಕನೇ ಬಟ್ಟೆಯ ಕಪ್ಪು ಗೀಟು: ಒಂದು ಬೈಲಿನ ತರಕಾರಿ ಗದ್ದೆಯ ಪ್ರಕರಣ

ಅಂಗಡಿಯವ ಹರಿವೆ ವಾಪಸು ಕಳಿಸಿದ ದಿನ ಇದು ಶುರುವಾಯಿತು. 18 ಕಟ್ಟು ಕೆಂಪು ಹರಿವೆ, ಆ ದಿನ ಬೆಳಗ್ಗೆಯೇ ಕಿತ್ತದ್ದು. "ಎಲೆಗೆ ಹುಡಿ ಹಿಡಿದಿದೆ, ಯಾರೂ ತೆಗೆದುಕೊಳ್ಳುವುದಿಲ್ಲ" ಅಂದನಂತೆ. ಗುಂಪಿನ ಹಿರಿಯ ಅಕ್ಕ ಕಟ್ಟುಗಳನ್ನು ನಮ್ಮ ಜಗಲಿಯಲ್ಲಿ ಇಟ್ಟು ಕೇಳಿದರು: "ಮಾಷ್ಟ್ರೇ, ಇದು ತೊಳೆದರೆ ಹೋಗುತ್ತದಾ? ತಿಂದರೆ ಏನಾದರೂ ಆಗುತ್ತದಾ?"

ಮೊದಲ ಪ್ರಶ್ನೆಗೆ ನಾನು ಕೂಡಲೇ ಹೌದು ಅಂದೆ. ಎರಡನೆಯದಕ್ಕೆ ಸರಿಯಾದ ಉತ್ತರ ಸಿಗಲು ಇಡೀ ಬೇಸಗೆ ಬೇಕಾಯಿತು. ಗಾಳಿಯಲ್ಲಿ ಬಂದು ತರಕಾರಿಯ ಮೇಲೆ ಕೂರುವುದರ ಬಗ್ಗೆ ಆ ಬೇಸಗೆಯಲ್ಲಿ ನಾವು ಏನು ನೋಡಿದೆವು, ಎಲ್ಲಿ ತಪ್ಪಿದೆವು, ಏನು ಬದಲಾಯಿಸಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಊರಿನ ಹೆಸರು, ಮಂದಿಯ ಹೆಸರು ಬೇಡ ಅಂತ ಗುಂಪಿನವರು ಹೇಳಿದ್ದಾರೆ. ಹಾಗಾಗಿ ಹಾಕಿಲ್ಲ.

ಗದ್ದೆ ಇರುವ ಜಾಗ

ನಮ್ಮದು ಕಾಸರಗೋಡು ಜಿಲ್ಲೆಯ ಒಳಭಾಗದ ಒಂದು ಬೈಲು. ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಗದ್ದೆ. ಗದ್ದೆಯ ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ತೋಡು, ಅಂದರೆ ಸಣ್ಣ ಹೊಳೆ. ಮಳೆಗಾಲದಲ್ಲಿ ಭತ್ತ. ಕೊಯ್ಲು ಮುಗಿದ ಮೇಲೆ ತೋಡಿಗೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ಆ ನೀರಿನ ಬಲದಿಂದ ಏಪ್ರಿಲಿನ ವಿಷು ಹಬ್ಬದ ತನಕ ತರಕಾರಿ. ನಮ್ಮ ಮನೆಯ ಗದ್ದೆಯಲ್ಲಿ 60 ಸೆಂಟ್ಸನ್ನು ಕುಟುಂಬಶ್ರೀಯ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಐದು ಮಂದಿ ಹೆಂಗಸರ ಕೃಷಿ ಗುಂಪಿಗೆ ಗೇಣಿಗೆ ಕೊಟ್ಟಿದ್ದೇವೆ. ಅವರೊಳಗೆ ಮಾತು ತುಳು, ಮಲಯಾಳ, ಕನ್ನಡ ಮೂರರಲ್ಲೂ ನಡೆಯುತ್ತದೆ. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಗದ್ದೆಯಲ್ಲಿ ಏನೇ ಆದರೂ ಮೊದಲ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ.

ಸಾಲುಗಳ ಕ್ರಮ ಹೀಗಿತ್ತು. ರಸ್ತೆ ಬದಿಗೆ ಹರಿವೆ. ಅದರ ನಂತರ ಅಲಸಂಡೆ, ಬೆಂಡೆ. ನಡುವೆ ಹಾಗಲ ಮತ್ತು ಪಡುವಲದ ಚಪ್ಪರ. ಕೊನೆಗೆ, ತೋಡಿನ ಬದಿಗೆ, ಸೌತೆ ಮತ್ತು ಕುಂಬಳ. ಮೂಲೆಯಲ್ಲಿ ಒಂದು ಚಿಕ್ಕ ಬಸಳೆ ಚಪ್ಪರ. ಹಬ್ಬದ ಬೆಳಗ್ಗೆ ಮೊದಲು ನೋಡುವ ವಿಷು ಕಣಿಗೆ ಹಳದಿ ಸೌತೆ ಬೇಕೇ ಬೇಕಲ್ಲ, ಆ ನಾಲ್ಕು ದಿನದ ವ್ಯಾಪಾರವೇ ಗುಂಪಿಗೆ ದೊಡ್ಡದು.

ಹರಿವೆಯನ್ನು ರಸ್ತೆಗೆ ಹತ್ತಿರ ಹಾಕಿದ್ದಕ್ಕೆ ಕಾರಣ ಇತ್ತು. ದಿನಾ ಕೀಳುವ ಬೆಳೆ. ಕಿತ್ತು, ಕಟ್ಟಿ, ಅಲ್ಲೇ ಮೇಜಿನ ಮೇಲೆ ಇಟ್ಟರೆ ದಾರಿಯಲ್ಲಿ ಹೋಗುವವರು ಕೊಳ್ಳುತ್ತಾರೆ. ಎರಡು ವರ್ಷ ಇದೇ ಕ್ರಮ ಚೆನ್ನಾಗಿ ನಡೆದಿತ್ತು. ಮೂರನೇ ವರ್ಷ ಗುಡ್ಡದ ಆಚೆಯ ಕಪ್ಪುಕಲ್ಲಿನ ಕೋರೆಯಿಂದ ಟಿಪ್ಪರುಗಳು ಈ ದಾರಿ ಹಿಡಿದವು. ಜಲ್ಲಿ, ಜಲ್ಲಿಪುಡಿ, ಕಲ್ಲು ಅರೆದು ಮಾಡಿದ ಎಂ ಸ್ಯಾಂಡ್ ಮರಳು. ಭಾರಕ್ಕೆ ಟಾರು ಕಿತ್ತು ಹೋಯಿತು. ಡಿಸೆಂಬರ್ ಕೊನೆಗೆ ರಸ್ತೆ ಪೂರ್ತಿ ಮಣ್ಣಿನ ದಾರಿಯಾಗಿತ್ತು.

ಬಿಳಿ ಬಟ್ಟೆಯ ಪರೀಕ್ಷೆ

ನಮ್ಮ ಹತ್ತಿರ ಗಾಳಿ ಅಳೆಯುವ ಯಂತ್ರ ಇಲ್ಲ. ಹಳೆಯ ಬಿಳಿ ಮುಂಡು ಒಂದಿತ್ತು. ಅದನ್ನು ಹರಿದು ನಾಲ್ಕು ತುಂಡು ಮಾಡಿದೆವು. ರಸ್ತೆಯಿಂದ 3, 10, 25 ಮತ್ತು 50 ಹೆಜ್ಜೆ ದೂರದಲ್ಲಿ, ಪ್ರತಿ ಜಾಗದಲ್ಲೂ ಹತ್ತು ಎಲೆಗಳನ್ನು ಒಂದೊಂದು ಒದ್ದೆ ತುಂಡಿನಲ್ಲಿ ಒರೆಸಿದೆವು. ನಂತರ ನಾಲ್ಕನ್ನೂ ಹುಣಿಯ (ಗದ್ದೆಯ ಬದುವಿನ) ಮೇಲೆ ಸಾಲಾಗಿ ಹಾಸಿದೆವು.

ಮೊದಲ ತುಂಡು ಬೂದಿ ಬಣ್ಣದ ಕೆಸರು. ಎರಡನೆಯದೂ ಹೆಚ್ಚು ಕಡಿಮೆ ಹಾಗೆಯೇ. ಮೂರನೆಯದು ತುಂಬಾ ತಿಳಿ. ನಾಲ್ಕನೆಯದರಲ್ಲಿ ಧೂಳು ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಅದರಲ್ಲಿ ಒಂದು ಕಪ್ಪು ಗೀಟು ಇತ್ತು, ದೀಪದ ಮಸಿ ಹಾಗೆ. ಬೆರಳಲ್ಲಿ ಉಜ್ಜಿದರೆ ಅಂಟಂಟು. ಯಾರದೋ ಕೈಗೆ ಹತ್ತಿದ ನೀರಿನ ಪಂಪಿನ ಎಣ್ಣೆ ಇರಬೇಕು ಅಂದುಕೊಂಡೆ. ಆ ದಿನ ಅದನ್ನು ಅಲ್ಲಿಗೇ ಬಿಟ್ಟದ್ದು ನನ್ನ ದೊಡ್ಡ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಹರಿವೆ ತೊಳೆದ ನೀರನ್ನು ಬಿಳಿ ಬೇಸಿನಿನಲ್ಲಿ ಒಂದು ರಾತ್ರಿ ಇಟ್ಟೆವು. ಬೆಳಗ್ಗೆ ಅಡಿಯಲ್ಲಿ ನುಣ್ಣನೆಯ ಪದರ. ಶಾಲೆಯ ಲೆನ್ಸಿನಲ್ಲಿ ನೋಡಿದರೆ ಕಲ್ಲಿನ ಮಿನುಗುವ ಕಣಗಳು.

ಧೂಳು ಅಂದರೆ ಎಲ್ಲ ಒಂದೇ ಅಲ್ಲ. ಗಾಳಿಯ ಸುದ್ದಿಯಲ್ಲಿ ಪಿಎಂ 10 ಅಂತ ಓದುತ್ತೇವಲ್ಲ, ಅದು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮತ್ತು ಅದಕ್ಕಿಂತ ಸಣ್ಣ ಕಣಗಳ ಲೆಕ್ಕ. 2009ರ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಅದಕ್ಕೆ 24 ಗಂಟೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಆ ಮಿತಿ ಉಸಿರಾಡುವವರನ್ನು ನೆನೆದು ಇಟ್ಟದ್ದು. ಎಲೆಯ ಮೇಲೆ ಪದರ ಕಟ್ಟುವುದರಲ್ಲಿ ಅದಕ್ಕಿಂತ ದಪ್ಪ ಕಣಗಳ ಪಾಲು ದೊಡ್ಡದು. ದಪ್ಪ ಕಣ ದೂರ ಹಾರುವುದಿಲ್ಲ, ಎದ್ದ ಜಾಗದ ಸಮೀಪದಲ್ಲೇ ಬೀಳುತ್ತದೆ. ಅದಕ್ಕೇ ಮೂರನೇ ಬಟ್ಟೆಗೆ ಬರುವಷ್ಟರಲ್ಲಿ ಬಣ್ಣ ಅಷ್ಟು ಇಳಿದದ್ದು. ಸಣ್ಣ ಕಣ ಮಾತ್ರ ಗಾಳಿಯಲ್ಲೇ ತೇಲುತ್ತಾ ಇಡೀ ಬೈಲು ಸುತ್ತುತ್ತದೆ.

ಈ ಜಲ್ಲಿಧೂಳು ತಿನ್ನುವವರಿಗಿಂತ ಮೊದಲು ಗದ್ದೆಯಲ್ಲಿ ದುಡಿಯುವವರಿಗೆ ತೊಂದರೆ. ಕಪ್ಪುಕಲ್ಲಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಹಾಗೆಯೇ ಹೊರಗೆ ಹೋಗುತ್ತದೆ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಹರಿವೆ ಕೊಳ್ಳುವವರ ಬಗ್ಗೆ ಅಷ್ಟು ಮಾತಾಡಿದೆವು. ದಿನಕ್ಕೆ ನಾಲ್ಕು ಗಂಟೆ ಆ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಐದು ಮಂದಿಯ ಬಗ್ಗೆ ಮೊದಲ ವಾರ ಯಾರೂ ಯೋಚಿಸಲಿಲ್ಲ, ನಾನೂ ಸೇರಿ. ಆಮೇಲೆ ಮಾಸ್ಕ್ ಬಂತು. ಟಿಪ್ಪರ್ ಓಡದ ಮುಂಜಾನೆಯಲ್ಲೇ ರಸ್ತೆ ಬದಿಯ ಕೆಲಸ ಮುಗಿಸುವುದು ಅಂತ ಆಯಿತು.

ಅಲಸಂಡೆಯ ಎಲೆ ಕಂಚಿನ ಬಣ್ಣಕ್ಕೆ ತಿರುಗಿದಾಗ

ಜನವರಿ ಕೊನೆಯ ಹೊತ್ತಿಗೆ ರಸ್ತೆ ಬದಿಯ ಎರಡು ಸಾಲು ಅಲಸಂಡೆಯ ಎಲೆಗಳಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕಿ ಬಂತು. ವಾರದಲ್ಲಿ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಸುರುಟಿದವು.

ನನಗೆ ಮೊದಲು ನೆನಪಾದದ್ದು ಓಝೋನ್. ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳಿಗೆ ಬಿಸಿಲು ತಾಗಿದರೆ ನೆಲದ ಹತ್ತಿರ ಓಝೋನ್ ಆಗುತ್ತದೆ. ಅದು ಎಲೆಯ ಉಸಿರು ರಂಧ್ರದಿಂದ ಒಳಗೆ ಹೋಗಿ ಜೀವಕೋಶಗಳನ್ನು ಸುಡುತ್ತದೆ. ಬೀನ್ಸ್, ಬಸಳೆಸೊಪ್ಪಿನ ಹಾಗೆ ಬಳಸುವ ಪಾಲಕ್, ಟೊಮೆಟೊ, ಬಟಾಟೆ ಇವು ಅದನ್ನು ತಾಳುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1940ರ ದಶಕದಲ್ಲಿ ಸೊಪ್ಪು ತರಕಾರಿಯ ಎಲೆಗಳು ವಿಚಿತ್ರವಾಗಿ ಸುಟ್ಟು ಹೋಗುತ್ತಿದ್ದವು. ಅದಕ್ಕೆ ಕಾರಣ ನಗರದ ಹೊಗೆ ಮತ್ತು ಬಿಸಿಲು ಸೇರಿ ಹುಟ್ಟುವ ಓಝೋನ್ ಅಂತ ಮುಂದಿನ ದಶಕದಲ್ಲಿ ತೋರಿಸಿಕೊಟ್ಟವರು ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಅದಕ್ಕೂ ಮೊದಲು ಅವರು ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದರು. ನಗರದ ಗಾಳಿ ಕೆಟ್ಟಿದೆ ಅಂತ ಮೊದಲು ಹೇಳಿದ್ದರಲ್ಲಿ ಸೊಪ್ಪಿನ ಎಲೆಯೂ ಒಂದು. ನನಗೆ ಮಕ್ಕಳಿಗೆ ಹೇಳಲು ಬಹಳ ಇಷ್ಟದ ಕತೆ ಇದು.

ಆದರೆ ನಮ್ಮ ಅಲಸಂಡೆಗೆ ಬಂದದ್ದು ಅದಲ್ಲ. ಓಝೋನ್ ಆದರೆ ಇಡೀ ಗದ್ದೆಗೆ ಬರಬೇಕು, ರಸ್ತೆ ಬದಿಯ ಎರಡೇ ಸಾಲಿಗೆ ಅಲ್ಲ. ಚುಕ್ಕಿ ಸಾಮಾನ್ಯವಾಗಿ ಹಳೆಯ ಎಲೆಯ ಮೇಲ್ಬದಿಯಲ್ಲಿ, ನರಗಳ ನಡುವೆ ಕಾಣಬೇಕು. ಎಲೆ ಮಗುಚಿ ಲೆನ್ಸ್ ಹಿಡಿದೆ. ಜೇಡರ ಬಲೆಯಂಥ ತೆಳು ನೂಲು. ಅದರ ಮೇಲೆ ಓಡಾಡುವ ಕೆಂಪು ಚುಕ್ಕಿಗಳು. ನುಸಿ.

ಧೂಳಿಗೂ ನುಸಿಗೂ ಹಳೆಯ ನಂಟಿದೆ. ಧೂಳು ಮೆತ್ತಿದ, ಬಿಸಿಯಾದ, ಒಣಗಿದ ಎಲೆ ನುಸಿಗೆ ಹೇಳಿ ಮಾಡಿಸಿದ ಜಾಗ. ಅದನ್ನು ತಿನ್ನುವ ಸಣ್ಣ ಹುಳಗಳಿಗೆ ಧೂಳಿನಲ್ಲಿ ಓಡಾಡಲು ಕಷ್ಟ. ಇದರ ಜೊತೆಗೆ ಧೂಳು ಬೆಳಕನ್ನು ತಡೆಯುತ್ತದೆ, ಉಸಿರು ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಗಿಡ ಸೊರಗುತ್ತದೆ, ಹೂ ಉದುರುತ್ತದೆ.

ಗುಂಪಿನ ಕಿರಿಯವಳು ಅಂಗಡಿಗೆ ಹೋಗಿ ಒಂದು ಬಾಟ್ಲಿ ಔಷಧಿ ತಂದೇ ಬಿಟ್ಟಿದ್ದಳು. ಇಲ್ಲಿ ನಾವು ಸ್ವಲ್ಪ ಕೂತು ಮಾತಾಡಿದ್ದು ಒಳ್ಳೆಯದಾಯಿತು. ಅಲಸಂಡೆಯನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು, ಇಲ್ಲದಿದ್ದರೆ ಬಲಿಯುತ್ತದೆ. ಔಷಧಿ ಬಿಟ್ಟ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಬಾಟ್ಲಿಯಲ್ಲೇ ಬರೆದಿರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ ಅಲ್ವಾ? ಇನ್ನೂ ಒಂದು ವಿಷಯ. ಕೆಲವು ಕೀಟನಾಶಕಗಳು ನುಸಿಯನ್ನು ತಿನ್ನುವ ಹುಳಗಳನ್ನೇ ಮೊದಲು ಕೊಲ್ಲುತ್ತವೆ. ಸ್ವಲ್ಪ ದಿನದಲ್ಲಿ ನುಸಿ ಮೊದಲಿಗಿಂತ ಜಾಸ್ತಿ ಬರುತ್ತದೆ. ಮತ್ತೆ ಔಷಧಿ. ತಿನ್ನುವವರ ತಟ್ಟೆಗೆ ಧೂಳು ನೇರವಾಗಿ ತರುವುದಕ್ಕಿಂತ ದೊಡ್ಡ ಅಪಾಯವನ್ನು ಹೀಗೆ ಸುತ್ತುದಾರಿಯಲ್ಲಿ ತರುತ್ತದೆ. ತರಕಾರಿಯಲ್ಲಿ ಔಷಧಿ ಅಂಶ ಸಿಕ್ಕಿತು ಅಂದ ಕೂಡಲೇ ರೈತರನ್ನು ಬಯ್ಯುತ್ತೇವೆ. ಆ ಔಷಧಿ ಯಾಕೆ ಬೇಕಾಯಿತು ಅಂತ ಕೇಳುವವರು ಕಡಿಮೆ.

ಬಾಟ್ಲಿ ವಾಪಸು ಹೋಯಿತು. ಬದಲಿಗೆ ಪೈಪಿನ ನೀರನ್ನು ಎಲೆಯ ಅಡಿಯಿಂದ ಜೋರಾಗಿ ಹಾಯಿಸಿದೆವು, ದಿನ ಬಿಟ್ಟು ದಿನ. ಅರ್ಧ ಸಾಲಿಗೆ ಮಾತ್ರ, ಉಳಿದರ್ಧ ಹಾಗೆಯೇ ಬಿಟ್ಟೆವು. ಎರಡು ವಾರದಲ್ಲಿ ವ್ಯತ್ಯಾಸ ದೂರದಿಂದಲೇ ಕಾಣುತ್ತಿತ್ತು. ತೊಳೆದ ಅರ್ಧದಲ್ಲಿ ಹೊಸ ಚಿಗುರು ಹಸಿರಾಗಿಯೇ ಬಂತು.

ಹಾಗಂತ ಎಲ್ಲ ಬೆಳೆಗೂ ಎಲ್ಲ ಹೊತ್ತಿಗೂ ನೀರು ಹೊಡೆಯುವ ಹಾಗಿಲ್ಲ. ಹಾಗಲ, ಸೌತೆ, ಕುಂಬಳದ ಹೂ ಬೆಳಗ್ಗೆ ಅರಳುತ್ತದೆ. ಆಗ ನೀರು ಬಿದ್ದರೆ ಪರಾಗ ಹಾಳು, ಜೇನುನೊಣವೂ ಬರುವುದಿಲ್ಲ. ಸಂಜೆ ತೊಳೆದರೆ ಎಲೆ ರಾತ್ರಿಯೆಲ್ಲ ಒದ್ದೆ, ಬೂಜು ರೋಗಕ್ಕೆ ದಾರಿ. ಕೊನೆಗೆ ನಮಗೆ ಸರಿಬಂದದ್ದು ಬೆಳಗ್ಗೆ ಹತ್ತರ ಆಸುಪಾಸು. ನೊಣಗಳ ಮುಖ್ಯ ಕೆಲಸ ಮುಗಿದಿರುತ್ತದೆ, ಬಿಸಿಲಿಗೆ ಎಲೆ ಬೇಗ ಒಣಗುತ್ತದೆ. ಪಡುವಲ ಸಂಜೆ ಅರಳುವ ಹೂ, ಅದಕ್ಕೂ ಈ ಹೊತ್ತು ತೊಂದರೆ ಇಲ್ಲ.

ಟಿಪ್ಪರಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪಂಚಾಯತಿಗೆ ಅರ್ಜಿ ಹೋಯಿತು, ಎರಡು ಸಭೆ ಆಯಿತು. ಹೊರೆಗೆ ಟಾರ್ಪಾಲ್ ಮುಚ್ಚುವುದು, ಗದ್ದೆ ಬದಿಯಲ್ಲಿ ನಿಧಾನ ಹೋಗುವುದು, ದಿನಕ್ಕೆ ಎರಡು ಸಲ ರಸ್ತೆಗೆ ನೀರು ಹಾಕುವುದು ಅಂತ ಒಪ್ಪಂದ. ಫೆಬ್ರವರಿ ನಡುವಿಗೆ ಧೂಳು ಅರ್ಧಕ್ಕೂ ಕಡಿಮೆಯಾಯಿತು. ನಮಗೆಲ್ಲ ಗೆದ್ದ ಖುಷಿ.

ತೋಡಿನ ಬದಿಯ ಹೊಗೆ

ಆ ಖುಷಿಯಲ್ಲಿ ಇನ್ನೊಮ್ಮೆ ಬಟ್ಟೆ ಪರೀಕ್ಷೆ ಮಾಡಿದೆವು. ಮೊದಲ ಮೂರು ತುಂಡು ಮೊದಲಿಗಿಂತ ಎಷ್ಟೋ ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ ಒಂದಲ್ಲ, ನಾಲ್ಕೈದು ಕಪ್ಪು ಗೀಟು. ಈ ಸಲ ಪಂಪಿನ ಹತ್ತಿರ ಯಾರೂ ಹೋಗಿರಲಿಲ್ಲ.

ಬಸಳೆಯ ಎಲೆಗಳನ್ನು ಹತ್ತಿರದಿಂದ ನೋಡಿದೆವು. ಕಡ್ಡಿಯ ಬುಡದಲ್ಲಿ, ಎಲೆಯ ಮಡಿಕೆಯಲ್ಲಿ ಸಣ್ಣ ಕಪ್ಪು ಕಣಗಳು. ನೀರು ಹಾಕಿದರೆ ಹೋಗಲಿಲ್ಲ, ಒರೆಸಿದರೆ ಎಣ್ಣೆಯ ಹಾಗೆ ಹರಡಿತು. ಹಿರಿಯ ಅಕ್ಕ ಎಲೆಯನ್ನು ಮೂಸಿ ನೋಡಿ ಒಂದೇ ಮಾತು ಹೇಳಿದರು: "ಇದು ರಸ್ತೆಯದ್ದಲ್ಲ. ಇದು ಗುಜರಿಯವನದ್ದು."

ಬೈಲಿನ ಮೇಲಿನ ತುದಿಯಲ್ಲಿ, ಕಾಲುಸಂಕದ ಹತ್ತಿರ, ಒಂದು ಗುಜರಿ ಶೆಡ್ಡು ಇದೆ. ಸಂಜೆ ಆರೂವರೆ ಏಳರ ಹೊತ್ತಿಗೆ ಅಲ್ಲಿ ಹಳೆಯ ವಯರುಗಳನ್ನು ಸುಡುತ್ತಿದ್ದರು, ಒಳಗಿನ ತಾಮ್ರಕ್ಕಾಗಿ. ವಾರಕ್ಕೆ ಎರಡು ಮೂರು ದಿನ. ನಮಗೆಲ್ಲ ಗೊತ್ತಿತ್ತು. ವಾಸನೆ ಬರುತ್ತಿತ್ತು, ಕಿಟಕಿ ಹಾಕಿಕೊಳ್ಳುತ್ತಿದ್ದೆವು, ಅಷ್ಟೇ. ಅದಕ್ಕೂ ಅಷ್ಟು ದೂರದ ತರಕಾರಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಸಂಬಂಧ ಇರುವುದು ಬೈಲಿನ ಆಕಾರದಲ್ಲಿ. ಸೂರ್ಯ ಮುಳುಗಿದ ಮೇಲೆ ಗುಡ್ಡದ ಮೈಯ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ನೀರಿನ ಹಾಗೆಯೇ ಅದು ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ. ನಮ್ಮಲ್ಲಿ ತಗ್ಗು ಅಂದರೆ ತೋಡು. ಅದರ ಮೇಲೆ ಬೆಚ್ಚಗಿನ ಗಾಳಿಯ ಮುಚ್ಚಳ ಇರುವುದರಿಂದ ಹೊಗೆ ಮೇಲೇರುವುದಿಲ್ಲ. ಒಂದು ಸಂಜೆ ನಾವು ಹುಣಿಯಲ್ಲಿ ನಿಂತು ನೋಡಿದೆವು. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಚಾಪೆ ಹಾಸಿದ ಹಾಗೆ, ಹೊಗೆ ತೋಡಿನ ಗುಂಟ ಇಳಿದು ಬಂತು. ಸೌತೆಯ ಸಾಲಿನ ಮೇಲೆ ಬಂದು ನಿಂತಿತು. ಅದರ ಮೇಲೆ ಇಬ್ಬನಿ ಬಿತ್ತು.

ರಸ್ತೆಯಿಂದ ದೂರ, ಹಾಗಾಗಿ ಶುದ್ಧ ಅಂತ ನಾವು ನಂಬಿದ್ದ ಸಾಲು ಅದು. ಅಂಗನವಾಡಿಗೆ ಬಸಳೆ ಕೊಡುತ್ತಿದ್ದದ್ದು ಅಲ್ಲಿಂದಲೇ.

ಆ ಹೊಗೆಯಲ್ಲಿ ಏನಿರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಂದೊಂದು ವಸ್ತು ಒಂದೊಂದು ದಾರಿ ಹಿಡಿಯುತ್ತದೆ.

ವಯರಿನ ಹೊದಿಕೆ ಪಿವಿಸಿ ಅನ್ನುವ ಪ್ಲಾಸ್ಟಿಕ್. ಬಿಸಿಲು, ಶಾಖ ತಡೆಯಲಿ ಅಂತ ಹಳೆಯ ಪಿವಿಸಿ ಹೊದಿಕೆಗಳಿಗೆ ಸೀಸದ ಸಂಯುಕ್ತ ಸೇರಿಸುತ್ತಿದ್ದರು. ಸುಟ್ಟಾಗ ಆ ಸೀಸ ಬೂದಿಯಲ್ಲಿ, ಹೊಗೆಯಲ್ಲಿ ಸೇರುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಅದರ ನಂತರ ಗಾಳಿಯಿಂದ ಬರುವ ಸೀಸ ಮುಗಿಯಿತು ಅಂತ ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ. ಸೀಸ ಮಣ್ಣಿಗೆ ಬಿದ್ದರೆ ಮೇಲಿನ ಪದರದಲ್ಲೇ ಉಳಿಯುತ್ತದೆ, ಕರಗಿ ಹೋಗುವುದಿಲ್ಲ, ಕೊಳೆಯುವುದಿಲ್ಲ. ಬೇರಿನಿಂದ ಕಾಯಿಗೆ ಹೋಗುವುದು ತೀರಾ ಕಡಿಮೆ. ಎಲೆಯ ಮೇಲೆ ಕೂರುವುದು, ಮಣ್ಣಿನಿಂದ ಎಲೆಗೆ ಸಿಡಿಯುವುದು, ಮಕ್ಕಳ ಕೈಗೆ ಮೆತ್ತಿ ಬಾಯಿಗೆ ಹೋಗುವುದು, ಇವು ಅದರ ಮುಖ್ಯ ದಾರಿಗಳು. ಸೊಪ್ಪು ತರಕಾರಿಯಲ್ಲಿ ಒಂದು ಕಿಲೋಗೆ 0.3 ಮಿಲಿಗ್ರಾಂಗಿಂತ ಜಾಸ್ತಿ ಸೀಸ ಇರಬಾರದು ಅನ್ನುವುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗುವಿನ ಮೈ ಸೀಸವನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ.

ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಇದಕ್ಕೆ ಉಲ್ಟಾ. ಅದು ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ, ಅದಕ್ಕೇ ಎಲೆ ತೊಳೆದರೆ ಹೋಗುವುದಿಲ್ಲ. ಮಣ್ಣು ಹುಳಿಯಾದಷ್ಟೂ ಜಾಸ್ತಿ ಏರುತ್ತದೆ. ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಮೊದಲೇ ಹುಳಿ. ನಮ್ಮ ಗದ್ದೆಯ ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5ರ ಆಸುಪಾಸು ಬಂದಿತ್ತು (7ಕ್ಕಿಂತ ಇಳಿದಷ್ಟೂ ಹುಳಿ). ಸುಣ್ಣ ಹಾಕಿ ಅಂತ ಕೃಷಿ ಭವನದವರು (ಊರಿನ ಕೃಷಿ ಇಲಾಖೆ ಕಚೇರಿಯವರು) ಹೇಳುವುದು ಇಳುವರಿಗೆ ಮಾತ್ರ ಅಂತ ತಿಳಿದಿದ್ದೆವು. ಸುಣ್ಣ ಮತ್ತು ಚೆನ್ನಾಗಿ ಕಳಿತ ಗೊಬ್ಬರ, ಇವೆರಡೂ ಇಂಥ ಲೋಹಗಳನ್ನು ಮಣ್ಣಿನಲ್ಲೇ ಹಿಡಿದಿಡುತ್ತವೆ.

ಅಂಟಂಟು ಮಸಿಯಲ್ಲಿ ಇರುವುದು ಪಿಎಎಚ್ ಅನ್ನುವ ವಸ್ತುಗಳು. ಏನೇ ಅರೆಬರೆ ಸುಟ್ಟರೂ ಹುಟ್ಟುತ್ತವೆ. ಕೆಲವು ಕ್ಯಾನ್ಸರ್ ತರುವಂಥವು. ಇವು ನೀರಿಗೆ ಸೇರುವುದಿಲ್ಲ, ಎಲೆಯ ಮೇಣಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ ಬಸಳೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಸಿಪ್ಪೆ ತೆಗೆದು ಅಡಿಗೆ ಮಾಡುವ ಸೌತೆ, ಕುಂಬಳಕ್ಕೆ ಈ ಚಿಂತೆ ಕಡಿಮೆ.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಡಯಾಕ್ಸಿನ್ ಎಂಬ ವಿಷವಸ್ತು. ಪಿವಿಸಿಯ ಕ್ಲೋರಿನ್ ಮತ್ತು ತಾಮ್ರ ಒಟ್ಟಿಗೆ ಬೆಂಕಿಯಲ್ಲಿ ಬೆಂದರೆ ಅದು ಹುಟ್ಟಲು ಬೇಕಾದ್ದೆಲ್ಲ ಸಿಕ್ಕಿದ ಹಾಗೆ. ಆದರೆ ಅದು ಮುಖ್ಯವಾಗಿ ತರಕಾರಿಯಿಂದ ಬರುವುದಿಲ್ಲ. ಅದು ಕೊಬ್ಬಿನಲ್ಲಿ ಸೇರುವ ವಸ್ತು. ಮನುಷ್ಯರ ಮೈಗೆ ಸೇರುವ ಡಯಾಕ್ಸಿನ್‌ನಲ್ಲಿ 90 ಶೇಕಡಕ್ಕಿಂತ ಹೆಚ್ಚು ಆಹಾರದಿಂದ ಬರುತ್ತದೆ, ಅದರಲ್ಲೂ ಹಾಲು, ಮಾಂಸ, ಮೀನಿನಂಥವುಗಳಿಂದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೂದಿ ಬಿದ್ದ ನೆಲ ಕೆದರುವ ಊರ ಕೋಳಿಯ ಮೊಟ್ಟೆಗೂ ಸೇರುತ್ತದೆ. ನಾವು ಹರಿವೆಯ ಎಲೆ ಒರೆಸುತ್ತಾ ಕೂತಿದ್ದಾಗ, ಹಿರಿಯ ಅಕ್ಕನ ದನ ಕಾಲುಸಂಕದ ಬುಡದಲ್ಲೇ ಮೇಯುತ್ತಿತ್ತು. ಪಕ್ಕದ ಮನೆಯ ಕೋಳಿಗಳು ಆ ಬೂದಿಯಲ್ಲೇ ಹೊರಳುತ್ತಿದ್ದವು. ಇದನ್ನು ಹೇಳಿದ ದಿನ ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಮರುದಿನದಿಂದ ದನವನ್ನು ಗುಡ್ಡದ ಬದಿಗೆ ಕಟ್ಟಿದರು.

ಕಣ್ಣಿಗೆ ಕಂಡ ಧೂಳು ಬೆಳೆಗೆ ತೊಂದರೆ ಕೊಟ್ಟಿತು. ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳದ ಹೊಗೆ ತಿನ್ನುವವರಿಗೆ ತೊಂದರೆ ಕೊಡುವಂಥದ್ದು. ಎರಡು ತಿಂಗಳು ನಾವು ಮೊದಲನೆಯದರ ಹಿಂದೆಯೇ ಓಡಿದೆವು. ನನಗೆ ಇದು ಇನ್ನಷ್ಟು ನಾಚಿಕೆಯ ವಿಷಯ, ಯಾಕೆಂದರೆ ಈ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇದು ಹೊಸ ಪಾಠ ಆಗಬಾರದಿತ್ತು. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಗೇರುಮರದ ಮೇಲೆ ಮಾತ್ರ ಬೀಳಲಿಲ್ಲ. ಬಾವಿಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೆ, ಅಂಗಳದ ಬಸಳೆ ಚಪ್ಪರಕ್ಕೆ ಬಿತ್ತು. ಪಡ್ರೆಯಂಥ ಊರುಗಳ ಮನೆಮನೆಗಳಲ್ಲಿ ಏನೇನು ಕಾಯಿಲೆ ಬಂತು ಅಂತ ದೇಶವೇ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಗಾಳಿಯಲ್ಲಿ ಬಂದದ್ದು ಅನ್ನದ ಬಟ್ಟಲಿಗೆ ಬರುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಗುಜರಿ ಶೆಡ್ಡಿನಲ್ಲಿ

ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಸಣ್ಣ ಪ್ರಮಾಣದಲ್ಲಿ ಸುಟ್ಟರೂ 5,000 ರೂಪಾಯಿ ದಂಡ. ದೂರು ಕೊಡಬಹುದಿತ್ತು. ಗುಂಪಿನಲ್ಲಿ ಇಬ್ಬರು ಅದನ್ನೇ ಹೇಳಿದರು. ಹಿರಿಯ ಅಕ್ಕ ಬೇಡ ಅಂದರು. "ಮೊದಲು ಮಾತಾಡುವ. ಅವನ ಮಗುವೂ ಅದೇ ಅಂಗನವಾಡಿಗೆ ಬರುವುದು."

ಹೋದೆವು. ಆ ಬಟ್ಟೆ ತುಂಡುಗಳನ್ನೂ ತೆಗೆದುಕೊಂಡು ಹೋದೆವು. ಅವನು ಕೆಟ್ಟವನಲ್ಲ, ಬಾಡಿಗೆ ಶೆಡ್ಡಿನಲ್ಲಿ ದುಡಿಯುವವ. ಸುಡುವುದು ಬೇಗ ಆಗುತ್ತದೆ ಅಂದ. ಸುಟ್ಟ ತಾಮ್ರಕ್ಕಿಂತ ಸುಲಿದ ಹೊಳೆಯುವ ತಾಮ್ರಕ್ಕೆ ರೇಟು ಜಾಸ್ತಿ ಅನ್ನುವುದು ಅವನಿಗೂ ಗೊತ್ತಿತ್ತು. ಆದರೆ ಸುಲಿಯಲು ಹೊತ್ತು ಬೇಕು. ಕೈಯಲ್ಲಿ ತಿರುಗಿಸುವ ಒಂದು ಸಣ್ಣ ವಯರ್ ಸುಲಿಯುವ ಯಂತ್ರ ಸಿಗುತ್ತದೆ. ಗುಂಪಿನವರು ತಮ್ಮ ಉಳಿತಾಯದಿಂದ ಸಾಲವಾಗಿ ದುಡ್ಡು ಕೊಟ್ಟರು. ದಪ್ಪ ವಯರು ಈಗ ಅದರಲ್ಲಿ ಸುಲಿಯುತ್ತಾನೆ. ತೆಳು ವಯರನ್ನು ಹಾಗೆಯೇ ದೊಡ್ಡ ಗುಜರಿಗೆ ಕೊಡುತ್ತಾನೆ, ಅದರಲ್ಲಿ ಅವನಿಗೆ ಸ್ವಲ್ಪ ನಷ್ಟವೇ. ಮಾರ್ಚಿನಲ್ಲಿ ಎರಡು ಸಲ ಮತ್ತೆ ಹೊಗೆ ಕಂಡಿತು. ಮತ್ತೆ ಹೋಗಿ ಮಾತಾಡಿದೆವು. ಆಮೇಲೆ ಕಂಡಿಲ್ಲ.

ಬೂದಿ ಬಿದ್ದ ಮಣ್ಣು ಮಾತ್ರ ಅಲ್ಲೇ ಇದೆ. ಸುಡುತ್ತಿದ್ದ ಜಾಗದ ಸುತ್ತ ಎರಡು ಸೆಂಟ್ಸಿನಷ್ಟು ನೆಲಕ್ಕೆ ಬೇಲಿ ಹಾಕಿದೆವು. ಅಲ್ಲಿ ಏನೂ ಬೆಳೆಯುವುದಿಲ್ಲ, ದನ ಕೋಳಿ ಬಿಡುವುದಿಲ್ಲ. ಮಳೆಗೆ ಕೊಚ್ಚಿ ತೋಡು ಸೇರಬಾರದು ಅಂತ ಮೇಲಿಗೆ ಬೇರೆ ಮಣ್ಣು ಹಾಕಿ ಹುಲ್ಲು ನೆಟ್ಟಿದ್ದೇವೆ.

ಸಾಲು ಬದಲಾಯಿತು, ಬೇಸಿನೂ ಬಂತು

ಮುಂದಿನ ಬೇಸಗೆಗೆ ಗದ್ದೆಯ ಕ್ರಮವನ್ನೇ ತಿರುಗಿಸಿದೆವು. ಜರ್ಮನಿಯ ಬರ್ಲಿನ್ ನಗರದಲ್ಲಿ ಬೆಳೆದ ತರಕಾರಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2012ರಲ್ಲಿ ಬಂದಿತ್ತು. ರಸ್ತೆಯ 10 ಮೀಟರ್ ಒಳಗೆ ಬೆಳೆದವುಗಳಲ್ಲಿ ಸೀಸದ ಮಿತಿ ದಾಟಿದವು ಹೆಚ್ಚು ಇದ್ದವು. ನಡುವೆ ಕಟ್ಟಡವೋ ದಟ್ಟ ಗಿಡಗಳೋ ಇದ್ದಲ್ಲಿ ಕಡಿಮೆ ಇದ್ದವು. ನಮ್ಮ ಬಟ್ಟೆ ತುಂಡುಗಳು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ಈಗ ರಸ್ತೆಗೆ ತಾಗಿ ಗ್ಲಿರಿಸಿಡಿಯಾ ಬೇಲಿ ಇದೆ, ಅದು ಬೆಳೆಯುವ ತನಕ ಹಸಿರು ನೆರಳುಬಲೆ. ಗೋಡೆಗಿಂತ ಗಾಳಿ ತೂರುವ ಬಲೆ ಒಳ್ಳೆಯದು. ಗೋಡೆಯಾದರೆ ಗಾಳಿ ಮೇಲಿಂದ ಹಾರಿ ಆಚೆ ಬದಿಗೆ ಸುತ್ತಿ ಬೀಳುತ್ತದೆ. ಧೂಳು ಹಿಡಿಯುವ ಆ ಬೇಲಿಯ ಸೊಪ್ಪನ್ನು ಮಾತ್ರ ಗೊಬ್ಬರಕ್ಕೆ ಬಳಸುವುದಿಲ್ಲ. ಬೇಲಿಯ ಹಿಂದೆ ಸಿಪ್ಪೆ ತೆಗೆಯುವ ಕುಂಬಳ, ಸೌತೆ. ನಡುವೆ ಅಲಸಂಡೆ, ಬೆಂಡೆ, ಚಪ್ಪರ. ಹರಿವೆ, ಬಸಳೆ ಗದ್ದೆಯ ನಡುಭಾಗಕ್ಕೆ ಬಂದಿವೆ. ಸೊಪ್ಪಿನ ಬುಡಕ್ಕೆ ಒಣಹುಲ್ಲಿನ ಹೊದಿಕೆ, ಮಣ್ಣು ಎಲೆಗೆ ಸಿಡಿಯದ ಹಾಗೆ.

ರಸ್ತೆ ಬದಿಯ ಮೇಜು ಹೋಯಿತು. ಇದಕ್ಕೆ ಸ್ವಲ್ಪ ಜಗಳವೇ ಆಯಿತು, ಯಾಕೆಂದರೆ ವ್ಯಾಪಾರ ಆಗುತ್ತಿದ್ದದ್ದು ಅಲ್ಲೇ. ವಾರಣಾಸಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ತರಕಾರಿಯನ್ನು ಹೊಲದಲ್ಲೂ ಮಾರುಕಟ್ಟೆಯಲ್ಲೂ ಪರೀಕ್ಷಿಸಿದ್ದರು. ಮಾರುಕಟ್ಟೆಯದ್ದರಲ್ಲಿ ಲೋಹ ಜಾಸ್ತಿ ಇತ್ತು. ಸಾಗಿಸುವಾಗ, ರಸ್ತೆ ಬದಿಯಲ್ಲಿ ತೆರೆದು ಇಟ್ಟಾಗ ಗಾಳಿಯಿಂದ ಬಂದು ಕೂತದ್ದು. ಇದನ್ನು ಹೇಳಿದಾಗ ಕಿರಿಯವಳು, "ಹಾಗಾದರೆ ನಾವು ಒದ್ದೆ ಹರಿವೆಯನ್ನು ರಸ್ತೆಯಲ್ಲಿ ಇಟ್ಟದ್ದು ಇನ್ನೂ ಹುಡಿ ಹಿಡಿಯಲಿಕ್ಕೆ ಅಂತಲೇ ಆಯಿತಲ್ಲ" ಅಂದಳು. ಸರಿಯಾದ ಮಾತು. ತಾಜಾ ಕಾಣಲಿ ಅಂತ ನೀರು ಚಿಮುಕಿಸುತ್ತಿದ್ದೆವು. ಒದ್ದೆ ಎಲೆಗೆ ಧೂಳು ಅಂಟುತ್ತದೆ. ಈಗ ಮಾರುವುದು ನಮ್ಮ ಮನೆಯ ಹಿಂಬದಿಯ ಕೊಟ್ಟಿಗೆಯಲ್ಲಿ, ಬಟ್ಟೆ ಮುಚ್ಚಿ.

ಅಡಿಗೆ ಮನೆಗೆ ಒಂದೇ ಸಲಹೆ ಕೊಡುವುದಾದರೆ ಇದು. ಸೊಪ್ಪನ್ನು ಕತ್ತರಿಸುವ ಮೊದಲೇ ತೊಳೆಯಬೇಕು. ಅಗಲ ಪಾತ್ರೆಯಲ್ಲಿ ಜಾಸ್ತಿ ನೀರು ಹಾಕಿ ಸೊಪ್ಪನ್ನು ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸೊಪ್ಪನ್ನು ಮೇಲೆತ್ತಬೇಕು. ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಿದರೆ ಅಡಿಗೆ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬರುತ್ತದೆ. ಹೀಗೆ ಮೂರು ಸಲ, ಅಡಿಯಲ್ಲಿ ಬೆರಳಿಗೆ ಮಣ್ಣು ಹತ್ತದ ತನಕ. ಇದರಿಂದ ಮೇಲೆ ಕೂತದ್ದು ಬಹುಪಾಲು ಹೋಗುತ್ತದೆ. ಒಳಗೆ ಸೇರಿದ್ದು, ಮೇಣಕ್ಕೆ ಅಂಟಿದ್ದು ಹೋಗುವುದಿಲ್ಲ. ಅದನ್ನು ತಡೆಯುವ ಜಾಗ ಗದ್ದೆ, ಅಡಿಗೆ ಮನೆ ಅಲ್ಲ.

ಕೊಟ್ಟಿಗೆಯಲ್ಲಿ ತರಕಾರಿಯ ಪಕ್ಕ ಈಗ ಆ ಬಿಳಿ ಬೇಸಿನ್ ಇದೆ. ಅದು ಹಿರಿಯ ಅಕ್ಕನ ಉಪಾಯ. ಯಾರಾದರೂ ಹರಿವೆ ಕೇಳಿದರೆ ಒಂದು ಕಟ್ಟು ಬಿಚ್ಚಿ, ಅವರ ಎದುರೇ ನೀರಿನಲ್ಲಿ ಅದ್ದಿ ಎತ್ತುತ್ತಾರೆ. ಆಮೇಲೆ ಬೇಸಿನಿನ ಅಡಿ ತೋರಿಸುತ್ತಾರೆ. ಮೊನ್ನೆ ಆ ಅಂಗಡಿಯವನೇ ಬಂದಿದ್ದ. ಬೇಸಿನಿಗೆ ಕೈ ಹಾಕಿ ಅಡಿಯನ್ನು ಬೆರಳಲ್ಲಿ ಸವರಿ ನೋಡಿದ. 20 ಕಟ್ಟು ತೆಗೆದುಕೊಂಡು ಹೋದ.